ಗಾಳಿ ಪೆಟ್ಟಿಗೆಯ ಎಡಗಡೆ

ನನ್ನ ಮದುವೆಯಾದದ್ದು ಎರಡನೆಯ ದೊಡ್ಡ ಲಡಾಯಿಯ ಕಾಲದಲ್ಲಿ. ತವರು ಕುಷ್ಟಗಿ. ಅಪ್ಪನದು ಕಾಳುಕಡಿಯ ಅಂಗಡಿ. ಹೀಗಾಗಿ ನಾನು ಚಿಕ್ಕಂದಿನಿಂದ ಕಂಡದ್ದು ಚೀಲಕ್ಕೆ ಬಂದ ಮೇಲಿನ ಜೋಳವನ್ನೇ ಹೊರತು ಹೊಲದಲ್ಲಿ ನಿಂತ ಜೋಳವನ್ನಲ್ಲ. ಕೊಟ್ಟದ್ದು ಯಲಬುರ್ಗಾ ಕಡೆಯ ಒಂದು ಹಳ್ಳಿಗೆ, ಎರೆಹೊಲವಿದ್ದ ಒಕ್ಕಲುತನದ ಮನೆಗೆ. ಮನೆಯಲ್ಲಿ ಅತ್ತೆ, ಮಾವ, ಭಾವ, ಭಾವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ಮಕ್ಕಳು, ಮತ್ತೆ ಇವರು. ಗಂಡನ ಹೆಸರು ಹಿಡಿದು ಹೇಳುವ ರೂಢಿ ನನಗೆ ಆಗಲೂ ಇರಲಿಲ್ಲ, ಈಗಲೂ ಬಂದಿಲ್ಲ. ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ.

ಹೊಸ ಸೊಸೆ ಹಿರಿಯರೆದುರು ಗಂಡನ ಜೊತೆ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಇವರು ಹೊಲದಿಂದ ಬಂದು ಪಡಸಾಲೆಯಲ್ಲಿ ಕೂತರೆ ನಾನು ನೀರಿನ ತಂಬಿಗೆ ಇಟ್ಟು, ಸೆರಗು ಸರಿಮಾಡಿಕೊಂಡು, ಒಳಗೆ ಬಂದುಬಿಡುತ್ತಿದ್ದೆ. ಊಟಕ್ಕೆ ಕರೆಯಬೇಕಾದರೆ ನೆಗೆಣ್ಣಿಯ ಮಗಳನ್ನು ಕಳಿಸುವುದು. ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುವವರು ಅತ್ತೆ. ಇದೇನೂ ನನಗೆ ಕಷ್ಟವೆನಿಸಲಿಲ್ಲ. ನಮ್ಮವ್ವ ಬಾಳಿದ್ದೂ ಹಾಗೆಯೇ. ಕಷ್ಟವಾದದ್ದು ನಾವಿಬ್ಬರೇ ಇದ್ದಾಗಿನ ಮೌನ.

ನಮಗೆ ಕೊಟ್ಟದ್ದು ಕಣಜಗಳಿದ್ದ ಒಳಕೋಣೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಿದಿರಿನ ಎರಡು ದೊಡ್ಡ ಕಣಜ, ನಡುವೆ ಹಾಸಿಗೆ ಹಿಡಿಸುವಷ್ಟು ಜಾಗ. ಸೀಮೆಎಣ್ಣೆ ಸಿಗುವುದೇ ದುರ್ಲಭವಾಗಿದ್ದ ದಿನಗಳು. ಊಟ ಮುಗಿಯುತ್ತಲೂ ಅತ್ತೆ ದೀಪ ಆರಿಸುತ್ತಿದ್ದರು. ಆ ಕತ್ತಲೆಯಲ್ಲಿ ಇವರು ಗೋಡೆಯ ಕಡೆ ಮುಖಮಾಡಿ ಬಲಮಗ್ಗುಲಾಗಿ ಮಲಗುತ್ತಿದ್ದರು. ನಾನು ಎಡಗಡೆ, ಕಣಜದ ಪಕ್ಕ. ಹೆಂಡತಿ ಗಂಡನ ಎಡಕ್ಕಿರಬೇಕೆಂದು ಮದುವೆಯ ದಿನ ಕೂಡಿಸಿದ್ದೂ ಹಾಗೆಯೇ, ನಾನು ಅದನ್ನೇ ಹಿಡಿದುಕೊಂಡಿದ್ದೆ. ಪಡಸಾಲೆಯಲ್ಲಿ ಮಲಗಿದ ಮಾವನಿಗೆ ಕೇಳಿಸಬಾರದೆಂದು ಉಸಿರಿನಷ್ಟು ದನಿಯಲ್ಲಿ ಏನಾದರೂ ಹೇಳುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಕೆಲವೊಮ್ಮೆ ಅವರೇ ಒಂದು ಮಾತು ಕೇಳುತ್ತಿದ್ದರು, ಉಂಡೆಯಾ ಎಂದೋ, ಚಳಿಯಾಗುತ್ತದೆಯೇ ಎಂದೋ. ನಾನು ಹೇಳಿದ ಉತ್ತರಕ್ಕೆ ಮತ್ತೆ ಮಾತಿಲ್ಲ. ನನ್ನ ಮೇಲೆ ಮನಸ್ಸಿಲ್ಲದವರಿಗೆ ನನ್ನನ್ನು ಕಟ್ಟಿದ್ದಾರೆ ಎಂದುಕೊಂಡೆ. ಇದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲು ಅಲ್ಲಿ ಏನು ನಡೆದಿತ್ತು? ಬೈದಿರಲಿಲ್ಲ, ಹೊಡೆದಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೇ.

ಹೀಗೆ ಮಳೆಗಾಲ ಹೋಯಿತು, ಚಳಿ ಬಂತು, ಜೋಳ ಕಟಾವಿಗೆ ಬಂತು.

ಮಾವನಿಗೆ ಹೊಸ ವಸ್ತು ಕಂಡರೆ ಆಸೆ. ಅದರ ಹಿಂದಿನ ಸುಗ್ಗಿಯಲ್ಲಿ ಗಾಳಿ ಕೈಕೊಟ್ಟು, ತೂರದ ರಾಶಿ ಬಹಳ ದಿನ ಕಣದಲ್ಲೇ ಬಿದ್ದು, ಕಾಯ್ದು ಕಾಯ್ದು ಎಲ್ಲರಿಗೂ ಸಾಕಾಗಿತ್ತಂತೆ. ಆಮೇಲೆ ಯಾವುದೋ ಕೆಲಸಕ್ಕೆ ಗಂಗಾವತಿಗೆ ಹೋದಾಗ ಅಲ್ಲಿ ಭತ್ತದ ಕಣದಲ್ಲಿ ಕೈಯಿಂದ ತಿರುವುವ ಗಾಳಿ ಪೆಟ್ಟಿಗೆಯನ್ನು ಕಂಡು ಬಂದಿದ್ದರು. ಹೊಳೆಯಾಚೆ ಹೊಸಪೇಟೆಯಲ್ಲಿ ನೋಡಿದ್ದನ್ನು ಅಲ್ಲಿನ ಬಡಿಗನೊಬ್ಬ ಹಾಗೆಯೇ ಮಾಡಿದ್ದ. ಮಾವ ನಮಗೂ ಒಂದು ಮಾಡಲು ಹೇಳಿದ್ದರು. ಆ ವರ್ಷ ಸುಗ್ಗಿಯ ಮೊದಲಲ್ಲಿ ಅದು ಬಂಡಿಯ ಮೇಲೆ ಮಲಗಿಕೊಂಡು ನಮ್ಮ ಊರಿಗೆ ಬಂತು.

ಆಳೆತ್ತರದ ಮರದ ಪೆಟ್ಟಿಗೆ. ಒಂದು ತುದಿಗೆ ಡೊಳ್ಳಿನಂಥ ಗುಂಡನೆಯ ಗೂಡು, ಅದರೊಳಗೆ ತಗಡಿನ ರೆಕ್ಕೆಗಳು. ಹೊರಗೆ ಹಿಡಿಕೆಯಿದ್ದ ದೊಡ್ಡ ಗಾಲಿ, ಅದರಿಂದ ಸಣ್ಣ ಗಾಲಿಗೆ ಹಾಯಿಸಿದ ತೊಗಲಿನ ಪಟ್ಟಿ. ಮೇಲೆ ಕಾಳು ಸುರಿಯುವ ಬಾಯಿ. ಬಾಯಿಯ ಕೆಳಗೊಂದು ಹಲಗೆ, ಅದನ್ನು ಎಷ್ಟು ಎತ್ತಿದರೆ ಅಷ್ಟು ಕಾಳು ಇಳಿಯುತ್ತದೆ. ಒಳಗೆ ತೂತು ಕೊರೆದ ತಗಡಿನ ಜರಡಿ. ಹಿಡಿಕೆ ತಿರುವಿದರೆ ರೆಕ್ಕೆ ಬೀಸಿ ಹೊಟ್ಟು ಹಿಂದಿನ ತುದಿಯಿಂದ ಹಾರಬೇಕು, ಕಾಳು ಜರಡಿಯಲ್ಲಿ ಇಳಿದು ಕೆಳಗೆ ಬೀಳಬೇಕು. ಬಡಿಗ ಹೇಳಿಕೊಟ್ಟದ್ದು ಇಷ್ಟೇ. ಆದರೆ ಅವನು ಮಾಡುತ್ತಿದ್ದದ್ದು ಭತ್ತಕ್ಕೆ. ನಮ್ಮದು ಜೋಳ.

ಮೊದಲ ದಿನ ನೋಡಲು ಅರ್ಧ ಊರು ಸೇರಿತ್ತು. ಭಾವ ಗಟ್ಟಿಮುಟ್ಟಾದ ಆಳು. ಹಿಡಿಕೆ ಹಿಡಿದು ಬಲವಿದ್ದಷ್ಟೂ ತಿರುವಿದರು. ಹೊಟ್ಟಿನ ಜೊತೆ ಕಾಳೂ ಹಾರಿ ಎದುರಿಗೆ ನಿಂತವರ ಮುಖಕ್ಕೆ ಹೊಡೆಯಿತು. ಮೆಲ್ಲಗೆ ತಿರುವಿದರೆ ಹೊಟ್ಟೂ ಕಾಳೂ ಕೂಡಿಯೇ ಕೆಳಗೆ ಬಿತ್ತು. ಹಲಗೆ ಪೂರಾ ಎತ್ತಿದರೆ ಬಾಯಿ ಕಟ್ಟಿಕೊಂಡಿತು. ಜನ ನಗುತ್ತ ಚದುರಿದರು. ಅತ್ತೆ ಸಂಜೆಯವರೆಗೆ ಹೊಟ್ಟಿನೊಳಗಿನ ಕಾಳನ್ನು ಮೊರದಲ್ಲಿ ಕೇರಿ ತೆಗೆದರು, ಒಂದು ಮಾತೂ ಆಡದೆ. ಅವರು ಬೈದಿದ್ದರೆ ಮಾವನಿಗೆ ಹಗುರಾಗುತ್ತಿತ್ತೇನೋ. ಪೆಟ್ಟಿಗೆ ಕಣದ ಮೂಲೆ ಸೇರಿತು. ವರ್ಷವೂ ನಮ್ಮ ರಾಶಿ ತೂರಲು ಬರುತ್ತಿದ್ದ ಮೂವರು ಹೆಣ್ಣಾಳುಗಳಿಗೆ ಒಳಗೊಳಗೇ ಸಮಾಧಾನವಾಯಿತೆಂದು ತೋರುತ್ತದೆ. ಅವರ ಕಾಳಿನ ಪಾಲು ಹೋಗದೆಂದು ಅತ್ತೆ ಮೊದಲೇ ಹೇಳಿದ್ದರೂ ಅವರಿಗೆ ನಂಬಿಕೆ ಬಂದಿರಲಿಲ್ಲ.

ಆದರೆ ಆ ವರ್ಷವೂ ಗಾಳಿ ನಿಂತಿತು. ಎತ್ತುಗಳನ್ನು ಕಟ್ಟಿ ಹಂತಿ ತುಳಿಸಿಯಾಗಿತ್ತು, ತೆನೆಯಿಂದ ಬಿಟ್ಟ ಕಾಳು ಹೊಟ್ಟಿನೊಡನೆ ಗುಡ್ಡೆಯಾಗಿ ಬಿದ್ದಿತ್ತು, ಬುಟ್ಟಿ ಎತ್ತಿ ತೂರಿದರೆ ಎಲ್ಲವೂ ನೆಟ್ಟಗೆ ಕಾಲಬುಡಕ್ಕೇ ಬೀಳುತ್ತಿತ್ತು. ಮಾವ ಬೆಳಿಗ್ಗೆ ಎದ್ದು ಬೇವಿನ ಎಲೆ ಅಲುಗುತ್ತದೆಯೇ ಎಂದು ನೋಡುವುದು, ಮತ್ತೆ ಮಧ್ಯಾಹ್ನ ನೋಡುವುದು. ಭಾವ ಹತ್ತಿಯ ಬಂಡಿ ಹೊಡೆದುಕೊಂಡು ಕೊಪ್ಪಳಕ್ಕೆ ಹೋಗಿದ್ದರು. ಆಗ ಇವರು ಯಾರಿಗೂ ಏನೂ ಹೇಳದೆ ಮೂಲೆಯ ಪೆಟ್ಟಿಗೆಯನ್ನು ಎಳೆದುತಂದು, ದೂಳು ಜಾಡಿಸಿ, ಗಾಲಿಯ ಕೀಲುಗಳಿಗೆ ಎಣ್ಣೆ ಬಿಟ್ಟರು. ಇದನ್ನು ನಾನು ಬುತ್ತಿ ಒಯ್ದಾಗ ನೋಡಿದೆ. ತಾವೇ ತಿರುವುವುದು, ಬಿಟ್ಟು ಹಿಂದಕ್ಕೆ ಓಡಿ ಹೊಟ್ಟು ಕೈಯಲ್ಲಿ ಹಿಡಿದು ನೋಡುವುದು, ಮತ್ತೆ ಮುಂದಕ್ಕೆ ಬಂದು ಹಲಗೆ ಸರಿಸುವುದು. ಅಷ್ಟರಲ್ಲಿ ಗಾಲಿ ನಿಂತಿರುತ್ತಿತ್ತು. ಒಬ್ಬರಿಂದ ಆಗುವ ಕೆಲಸವಲ್ಲ ಅದು.

ಅತ್ತೆ ನೋಡುತ್ತಿದ್ದವರು ನನ್ನ ಕೈಯೊಳಗಿನ ಬುತ್ತಿ ಇಸಿದುಕೊಂಡು, ಹಿಂದೆ ನಿಂತು ಹೊಟ್ಟು ನೋಡು ಎಂದರು. ನೀನು ಅಂಗಡಿಕಾರರ ಮಗಳು, ಕಾಳು ನೋಡಿದವಳು, ಎಂದೂ ಸೇರಿಸಿದರು. ನಾನು ಹೊಟ್ಟಿನ ತುದಿಗೆ ಒಂದು ಗೋಣಿಚೀಲ ಹಾಸಿ, ಮೊರ ಹಿಡಿದು ನಿಂತೆ. ಒಬ್ಬ ಹೆಣ್ಣಾಳು ಬುಟ್ಟಿ ಸುರಿದಳು. ಇವರು ತಿರುವತೊಡಗಿದರು.

ಹಿಡಿಕೆ ಇದ್ದ ಕಡೆ ನಿಂತರೆ ಹಿಂದಿನ ತುದಿ ಅವರ ಎಡಕ್ಕೆ ಬರುತ್ತಿತ್ತು. ಅಂದರೆ ಅಲ್ಲಿಯೂ ನಾನು ಎಡಗಡೆಯೇ. ಬಂದ ಹೊಟ್ಟನ್ನು ಮೊರದಲ್ಲಿ ಹಿಡಿದು ಊದಿ ನೋಡಿದರೆ ದಪ್ಪ ಬಿಳಿ ಕಾಳುಗಳು ಕಂಡವು. ಗಾಳಿ ಹೆಚ್ಚಾಗಿತ್ತು. ಸೆರಗು ಸರಿಮಾಡಿಕೊಂಡು ಬಾಯಿ ತೆರೆದೆ. ಮದುವೆಯಾದ ಮೇಲೆ ಹಗಲಲ್ಲಿ, ನಾಲ್ಕು ಜನರೆದುರು ನಾನು ಗಂಡನಿಗೆ ಆಡಿದ ಮೊದಲ ಮಾತು ಅದು.

"ತುಸು ಮೆಲ್ಲಕ ತಿರುವ್ರಿ."

ಇವರು ತಿರುವುತ್ತಲೇ ಇದ್ದರು. ಗದ್ದಲಕ್ಕೆ ಕೇಳಿಸಿಲ್ಲವೆಂದು ದನಿ ಏರಿಸಿ ಇನ್ನೊಮ್ಮೆ ಹೇಳಿದೆ. ಬುಟ್ಟಿ ಸುರಿಯುವವಳು ನನ್ನ ಕಡೆ ತಿರುಗಿ ನೋಡಿದಳು, ಅತ್ತೆ ನೋಡಿದರು, ಇವರು ನೋಡಲಿಲ್ಲ. ನನ್ನ ಮುಖ ಉರಿದುಹೋಯಿತು. ಕೋಣೆಯಲ್ಲಿ ಮಾತಾಡದಿದ್ದರೆ ಅದು ನನಗೊಬ್ಬಳಿಗೇ ಗೊತ್ತಿರುವ ಸಂಗತಿ. ಇಲ್ಲಿ ಎಲ್ಲರೆದುರು ನನ್ನ ಮಾತಿಗೆ ಬೆಲೆಯಿಲ್ಲವೆಂದು ತೋರಿಸಿದ ಹಾಗಾಯಿತು. ತಲೆ ತಗ್ಗಿಸಿಕೊಂಡು ಮೊರದೊಳಗಿನ ಕಾಳು ಆರಿಸುತ್ತ ನಿಂತೆ. ಕಣ್ಣಲ್ಲಿ ನೀರು ತುಂಬಿತು. ಹೊಟ್ಟಿನ ದೂಳಿನಿಂದ ಎಲ್ಲರ ಕಣ್ಣೂ ಕೆಂಪಗಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆ ಹೊತ್ತಿನಲ್ಲೇ ಹಂತಿಯಿಂದ ಬಿಚ್ಚಿ ಕಟ್ಟಿದ್ದ ಎತ್ತೊಂದು ಹಗ್ಗ ಕಿತ್ತುಕೊಂಡಿತು. ಆ ವರ್ಷವೇ ಕೊಂಡು ತಂದ ಹೋರಿ ಅದು, ಇನ್ನೂ ಪಳಗಿರಲಿಲ್ಲ. ರಾಶಿಯ ವಾಸನೆ ಹಿಡಿದು, ಕೊಂಬು ತಗ್ಗಿಸಿ, ಇವರ ಎಡಗಡೆಯಿಂದ ನೆಟ್ಟಗೆ ನುಗ್ಗಿತು. ಅತ್ತೆ ಕೂಗಿದರು. ನಾನೂ ಕೂಗಿದೆ. ಬಣವೆಯ ಮೇಲಿದ್ದ ಆಳು ಕೂಗಿದ್ದು ಆಚೆಯ ಹೊಲಕ್ಕೂ ಕೇಳಿಸಿರಬೇಕು. ಇವರು ಹಿಡಿಕೆಯ ಮೇಲೆ ಬಾಗಿಕೊಂಡು, ಏನೂ ಆಗಿಲ್ಲವೆಂಬಂತೆ, ಒಂದೇ ಲಯದಲ್ಲಿ ತಿರುವುತ್ತಿದ್ದರು. ಮೊರ ಎಲ್ಲಿ ಬಿತ್ತೋ ತಿಳಿಯದು. ಓಡಿಹೋಗಿ ಅವರ ತೋಳು ಹಿಡಿದು ಎಳೆದೆ. ಇಬ್ಬರೂ ಹೊಟ್ಟಿನ ಗುಡ್ಡೆಯ ಮೇಲೆ ಬಿದ್ದೆವು. ಹೋರಿ ಅವರು ನಿಂತಿದ್ದ ಜಾಗವನ್ನು ದಾಟಿ ರಾಶಿಗೆ ಬಾಯಿ ಹಾಕಿತು. ಮಾವ ಬಂದು ಅದರ ಮೂಗುದಾಣ ಹಿಡಿದರು.

ಅತ್ತೆ ಮಾವ ಇದ್ದ ಕಣದಲ್ಲಿ, ಹಾಡಹಗಲಿನಲ್ಲಿ, ಸೆರಗು ಜಾರಿದ್ದರ ಪರಿವೆಯೂ ಇಲ್ಲದೆ ನಾನು ಗಂಡನ ತೋಳು ಹಿಡಿದುಕೊಂಡಿದ್ದೆ. ಇವರು ಹೋರಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಕೂಗಬೇಕಿಲ್ಲೋ?" ಎಂದರು.

"ಕೂಗಿದ್ನಲ್ಲ. ಎಲ್ಲಾರೂ ಕೂಗ್ಯಾರ. ನಿಮಗ ಕೇಳಲಿಲ್ಲೇನ್ರಿ?"

ಅವರು ಎಡಗಿವಿಯ ಮೇಲೆ ಕೈ ಇಟ್ಟುಕೊಂಡರು. "ಈ ಕಿವಿ ಕೇಳಂಗಿಲ್ಲ. ನಿಮ್ಮ ಮನ್ಯಾಗ ಹೇಳಿಲ್ಲೇನು ನಿನಗ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಆಗ ಅವರ ಮುಖದಲ್ಲಿ ಕಂಡದ್ದನ್ನು ಇಂದಿಗೂ ಮರೆತಿಲ್ಲ. ಅವಮಾನವಲ್ಲ ಅದು. ಏನನ್ನೋ ಹಿಂದಿನಿಂದ ಒಂದೊಂದಾಗಿ ಕೂಡಿಸಿ ನೋಡುತ್ತಿರುವವರ ಮುಖ.

ಬುತ್ತಿ ಬಿಚ್ಚುವ ಹೊತ್ತಾಗಿತ್ತು. ಅತ್ತೆ ಎಲ್ಲರನ್ನೂ ಬೇವಿನ ಮರದ ಕೆಳಗೆ ಕರೆದರು, ನಮ್ಮಿಬ್ಬರನ್ನು ಮಾತ್ರ ಕರೆಯಲಿಲ್ಲ. ನಾವು ಒಣ ಜೋಳದ ದಂಟು ಒಟ್ಟಿದ ಕಣಿಕೆಯ ಬಣವೆಯ ನೆರಳಿನಲ್ಲಿ ಕೂತೆವು. ನಾನು ಎದ್ದು ಅವರ ಬಲಗಡೆಗೆ ಬಂದು ಕೂತೆ. ಆ ಕಡೆ ಕೂತದ್ದು ಅದೇ ಮೊದಲು.

ಕೂಸಾಗಿದ್ದಾಗ ಇವರ ಎಡಗಿವಿ ಸೋರಿ ಹುಣ್ಣಾಗಿತ್ತಂತೆ. ಕೊಪ್ಪಳದ ಹಕೀಮರೊಬ್ಬರ ಔಷಧದಿಂದ ಸೋರುವುದು ನಿಂತಿತು, ಕೇಳಿಸುವುದೂ ನಿಂತಿತು. ಯಾವ ದನಿ ಯಾವ ದಿಕ್ಕಿನಿಂದ ಬರುತ್ತದೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಗದ್ದಲವಿದ್ದರಂತೂ ಏನೂ ತಿಳಿಯುತ್ತಿರಲಿಲ್ಲ. ಗೆಳೆಯರು ನಗುತ್ತಿದ್ದುದರಿಂದ ಇವರು ಮಾತಾಡುವುದನ್ನೇ ಕಡಿಮೆ ಮಾಡಿಕೊಂಡಿದ್ದರು. ರಾತ್ರಿ ಬಲಗಿವಿ ದಿಂಬಿಗೆ ಒತ್ತಿ ಮಲಗಿದರೆ ಸಿಡಿಲು ಬಡಿದರೂ ಗೊತ್ತಾಗದು, ಅದಕ್ಕೇ ಒಳ್ಳೆಯ ನಿದ್ದೆ ಬರುತ್ತದೆ ಎಂದು ಹೇಳಿ ಸ್ವಲ್ಪ ನಕ್ಕರು.

ನನಗೆ ನಗು ಬರಲಿಲ್ಲ. ನಾನು ದಿನಾ ಮಾತಾಡುತ್ತಿದ್ದೆ ಎಂದೆ.

ಅವರು ನಂಬದವರಂತೆ ನೋಡಿದರು. "ನಾ ಕೇಳಿದ್ದಕ್ಕೂ ನೀ ಸುಮ್ನ ಇರತಿದ್ದಿ. ನಿನಗ ಈ ಮನಿ ಮನಸಿಗೆ ಬಂದಿಲ್ಲ ಅಂತ ತಿಳದಿದ್ದೆ. ಪ್ಯಾಟಿ ಹುಡುಗಿ, ಯಾಕ ಕಾಡಬೇಕು ಅಂತ ಗ್ವಾಡಿ ಕಡೆ ಹೊಳ್ಳಿ ಮಲಗತಿದ್ದೆ."

ಅಷ್ಟು ಮಾತನ್ನು ಅವರ ಬಾಯಿಂದ ನಾನು ಒಮ್ಮೆಲೇ ಕೇಳಿದ್ದು ಅಂದೇ. ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದು ಅಷ್ಟು ದಿನ ಕಳೆದಿದ್ದೆವು. ನನಗೆ ಅಳು ಬಂತು. ಈ ಸಲ ದೂಳಿನ ನೆಪ ಬೇಕಾಗಲಿಲ್ಲ. ಅವರು ತಮ್ಮ ಹೆಗಲ ಮೇಲಿನ ವಸ್ತ್ರ ಕೊಟ್ಟರು. ಅದರಲ್ಲಿದ್ದ ಜೋಳದ ಸುಂಕು ಮುಖಕ್ಕೆಲ್ಲ ಹತ್ತಿ ಇನ್ನಷ್ಟು ತುರಿಸಿತು.

ಸಂಜೆ ಮನೆಯಲ್ಲಿ ಅತ್ತೆ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡು ಎಲ್ಲವನ್ನೂ ಕೇಳಿದರು, ನಾನು ಯಾವ ಮಗ್ಗುಲಿಗೆ ಮಲಗುತ್ತೇನೆಂಬುದನ್ನೂ. ಮದುವೆ ಗೊತ್ತುಮಾಡುವಾಗ ನಿಮ್ಮ ಅಪ್ಪನಿಗೆ ನಾನೇ ಹೇಳಿದ್ದೆ, ಮುಚ್ಚಿಡಲಿಲ್ಲ, ಎಂದರು. ಮುಂದೆ ತವರಿಗೆ ಹೋದಾಗ ಅಪ್ಪನನ್ನು ಕೇಳಿದರೆ, ಹೌದು ಹೇಳಿದ್ದರು, ಒಂದು ಕಿವಿ ತಾನೇ, ಇನ್ನೊಂದು ಚೆನ್ನಾಗಿಯೇ ಇದೆಯಲ್ಲ ಎಂದು ಮರೆತುಬಿಟ್ಟೆ ಎಂದ. ಅತ್ತೆಗೆ ಮಾತ್ರ ಅದು ಅಷ್ಟು ಹಗುರವಾಗಿರಲಿಲ್ಲ. ಎದ್ದು ಒಳಕೋಣೆಗೆ ಹೋಗಿ, ಹಾಸಿಗೆಯನ್ನು ಸುತ್ತಿ ಎತ್ತಿ ತಲೆದೆಸೆಯನ್ನು ಕಾಲದೆಸೆಗೆ ಮಾಡಿ ಹಾಸಿದರು.

"ಆ ಕಡೆ ಇಲಿ ಓಡ್ಯಾಡ್ತಾವ. ನೀ ಇನ್ನ ಗ್ವಾಡಿ ಕಡೆ ಮಲಗು, ತಂಗಿ," ಎಂದರು.

ಅಲ್ಲಿ ಇಲಿಯಿದ್ದುದನ್ನು ನಾನು ಕಂಡಿರಲಿಲ್ಲ. ಮೊದಲಿನ ಹಾಗೆ ತಲೆಯಿಟ್ಟು ಮಲಗಿದ್ದರೆ ಗೋಡೆ ಇವರ ಬಲಕ್ಕಿರುತ್ತಿತ್ತು. ತಲೆ ತಿರುಗಿಸಿ ಹಾಸಿದ್ದರಿಂದ ಅದು ಈಗ ಎಡಕ್ಕೆ ಬಂದಿತ್ತು. ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಹಾಸಿಗೆಯನ್ನೂ ನನ್ನ ಜಾಗವನ್ನೂ ಎರಡನ್ನೂ ಬದಲಿಸಿ ಎಡವಟ್ಟು ಮಾಡಿಕೊಂಡಿದ್ದರು: ನಾನು ಮತ್ತೆ ಎಡಕ್ಕೇ ಬರುತ್ತಿದ್ದೆ. ಅವರು ಹೋದ ಮೇಲೆ ನಾವಿಬ್ಬರೂ ಅದನ್ನು ಕಂಡು, ಸದ್ದಾಗದಂತೆ ನಕ್ಕು, ಹಾಸಿಗೆಯನ್ನು ಮೊದಲಿನ ಹಾಗೆಯೇ ಹಾಸಿಕೊಂಡು, ಜಾಗ ಮಾತ್ರ ಬದಲಿಸಿಕೊಂಡೆವು. ಅತ್ತೆಗೆ ಇದನ್ನು ಎಂದೂ ಹೇಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹಾಸಿಗೆಯನ್ನು ಅವರು ಹಾಸಿದ ಹಾಗೆ ತಿರುಗಿಸಿಟ್ಟು ಹೊರಗೆ ಬರುತ್ತಿದ್ದೆ.

ಮರುದಿನದಿಂದ ಪೆಟ್ಟಿಗೆಯ ಕೆಲಸಕ್ಕೆ ನಾವಿಬ್ಬರೇ ಎಂದಾಯಿತು. ಕೂಗಿ ಪ್ರಯೋಜನವಿಲ್ಲವಾದ್ದರಿಂದ ಕೈಸನ್ನೆ ಮಾಡಿಕೊಂಡೆವು. ನಾನು ಅಂಗೈ ಕೆಳಗೆ ಮಾಡಿ ಇಳಿಸಿದರೆ ಮೆಲ್ಲಗೆ ತಿರುವಬೇಕು. ಬೆರಳು ಸುತ್ತಿಸಿದರೆ ಜೋರಾಗಿ. ಎರಡು ಬೆರಳು ತೋರಿಸಿದರೆ ಹಲಗೆಯನ್ನು ಎರಡು ಬೆರಳಿನಷ್ಟೇ ಎತ್ತಬೇಕು. ರಾಶಿಯ ಮುಂದೆ 'ಸಾಕು' ಎಂಬ ಮಾತನ್ನು ಬಾಯಲ್ಲಿ ಆಡಬಾರದು, ಆಡಿದರೆ ಕಾಳು ಕಡಿಮೆಯಾಗುತ್ತದೆ ಎಂದು ಅತ್ತೆಯ ಕಟ್ಟಪ್ಪಣೆಯಿತ್ತು. ಅದಕ್ಕೆ ಮುಷ್ಟಿ ಮುಚ್ಚಿ ಎದೆಗೆ ಹಿಡಿಯುತ್ತಿದ್ದೆ. ಸನ್ನೆ ಕಾಣಬೇಕೆಂದರೆ ಇವರು ಆಗಾಗ ತಲೆಯೆತ್ತಿ ನನ್ನ ಕಡೆ ನೋಡಲೇಬೇಕು. ನೋಡುತ್ತಿದ್ದರು, ಬೇಕಾದದ್ದಕ್ಕಿಂತ ಹೆಚ್ಚು ಸಲವೇ. ಬುಟ್ಟಿ ಸುರಿಯುವ ಹೆಣ್ಣಾಳುಗಳಿಗೆ ಅದು ತಿಳಿಯದೆ ಇರಲಿಲ್ಲ. ಅವರು ಕೆಮ್ಮುತ್ತಿದ್ದರು, ದೂಳಿನ ಮೇಲೆ ಹಾಕಿ.

ಪೆಟ್ಟಿಗೆ ಕೂಡಲೇ ಮಾತು ಕೇಳಲಿಲ್ಲ. ಬೆಳಿಗ್ಗೆ ಇಬ್ಬನಿಗೆ ಹೊಟ್ಟು ತೇವವಾಗಿ ಭಾರವಾಗಿರುತ್ತಿತ್ತು, ಜೋರು ಗಾಳಿ ಬೇಕು. ಬಿಸಿಲೇರಿ ಹೊಟ್ಟು ಗರಿಗರಿಯಾದ ಮೇಲೆ ಅದೇ ಗಾಳಿಗೆ ಕಾಳು ಹೊರಗೆ ಹೋಗುತ್ತಿತ್ತು. ಒಂದು ಸಲ ಸರಿಮಾಡಿದರೆ ದಿನವಿಡೀ ನಡೆಯುತ್ತದೆಂಬ ಮಾತೇ ಇರಲಿಲ್ಲ. ತೊಗಲಿನ ಪಟ್ಟಿ ಜೋಲುಬಿದ್ದು ಗಾಲಿ ಜಾರಿದಾಗ ಇವರು ಅದಕ್ಕೆ ಹೊಲಿಗೆ ಹಾಕಿ ಬಿಗಿ ಮಾಡಿದರು. ಗಾಳಿ ಬರುವ ಕಿಂಡಿಗೆ ಒಂದು ತಗಡು ಮುಚ್ಚಿ, ಅದನ್ನು ಅರ್ಧ, ಕಾಲು ಎಂದು ಸರಿಸಿ ನೋಡಿದರು. ಜರಡಿಯ ತೂತು ಭತ್ತಕ್ಕೆ ಕೊರೆದದ್ದು, ಅದರಲ್ಲಿ ಜೋಳದ ಜೊತೆ ತೆನೆಯ ಚೂರುಗಳೂ ಇಳಿಯುತ್ತಿದ್ದವು. ಊರ ಕಮ್ಮಾರನಿಂದ ಬೇರೆ ತಗಡು ಹೊಡೆಸಿದರು. ಪ್ರತಿ ಸಲ ಏನಾದರೂ ಬದಲಿಸಿದಾಗ ಒಂದೇ ಬುಟ್ಟಿ ಸುರಿದು ನಿಲ್ಲಿಸುವುದು, ನಾನು ಹೊಟ್ಟು ನೋಡುವುದು, ಅವರು ಕಾಳು ನೋಡುವುದು, ಆಮೇಲೆ ಇಬ್ಬರೂ ನಡುವೆ ಬಂದು ಅಂಗೈ ಚಾಚಿ ತೋರಿಸಿಕೊಳ್ಳುವುದು. ಅಂಗೈ ಮೇಲಿನ ನಾಲ್ಕು ಕಾಳಿಗಾಗಿ ಎಷ್ಟೊಂದು ಮಾತು. ಅವರು ಗಾಳಿ ಇನ್ನೂ ಇರಲಿ ಎನ್ನುತ್ತಿದ್ದರು, ನಾನು ಬೇಡ ಎನ್ನುತ್ತಿದ್ದೆ. ವಾದ ಮಾಡುವಷ್ಟು ಸಲಿಗೆ ಬಂದಿತ್ತು.

ಒಂದು ಮಧ್ಯಾಹ್ನ ಮೊರದಲ್ಲಿ ಹಿಡಿದ ಹೊಟ್ಟನ್ನು ಊದಿದರೆ ಒಂದು ಕಾಳೂ ಉಳಿಯಲಿಲ್ಲ. ಮತ್ತೆ ಹಿಡಿದೆ, ಊದಿದೆ. ಇಲ್ಲ. ಕೆಳಗೆ ಬೀಳುತ್ತಿದ್ದ ಜೋಳ ತೊಳೆದಿಟ್ಟಂತೆ ಬೆಳ್ಳಗಿತ್ತು. ಅತ್ತೆ ಬಂದು ಎರಡೂ ಕೈಯಲ್ಲಿ ಮೊಗೆದು ನೋಡಿ, ಹಾಗೆಯೇ ರಾಶಿಗೆ ನಮಸ್ಕಾರ ಮಾಡಿದರು. ಮಾವ ದೂರದಲ್ಲಿ ನಿಂತು ಮೀಸೆ ಸವರಿಕೊಳ್ಳುತ್ತಿದ್ದರು. ಪೆಟ್ಟಿಗೆ ತಂದವರು ತಾವೇ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಹೀಗೆ ನಮ್ಮ ರಾಶಿ ಮುಗಿಯಿತು. ಹೆಣ್ಣಾಳುಗಳಿಗೆ ಅತ್ತೆ ತಾವು ಹೇಳಿದಂತೆ ಎಂದಿನ ಪಾಲನ್ನೇ ಅಳೆದುಕೊಟ್ಟರು. ಸುದ್ದಿ ಹರಡಿತು. ಇರಕಲ್ಲಗಡದಲ್ಲಿದ್ದ ಮಾವನ ತಂಗಿ, ತಮ್ಮಲ್ಲಿಯೂ ಗಾಳಿಯಿಲ್ಲದೆ ರಾಶಿ ಬಿದ್ದಿದೆ, ಪೆಟ್ಟಿಗೆ ಕಳಿಸಿ ಎಂದು ಹೇಳಿಕಳಿಸಿದರು. ಇವರು ಒಬ್ಬರೇ ಬಂಡಿ ಹೂಡಲು ಹೊರಟಾಗ ಮಾವ ತಡೆದು, ಹೊಟ್ಟು ನೋಡುವವರು ಯಾರು ಎಂದು ಕೇಳಿದರು. ಅತ್ತೆಗೆ ಇದು ಇಷ್ಟವಿರಲಿಲ್ಲ. ಸೊಸೆಯನ್ನು ಇನ್ನೊಬ್ಬರ ಕಣಕ್ಕೆ ಕೆಲಸಕ್ಕೆ ಕಳಿಸಿದರೆಂದು ಜನ ಆಡಿಕೊಳ್ಳುತ್ತಾರೆ ಎಂದರು. ಬಹಳ ಹೊತ್ತು ಯೋಚಿಸಿ, ಕೊನೆಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಂದು ಡಬ್ಬಿ ಕಟ್ಟಿಕೊಟ್ಟು, ನಾದಿನಿಯ ಮನೆಗೆ ಸೊಸೆ ಮೊದಲ ಸಲ ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಎಂದರು. ಹೀಗೆ ಅದು ಕೆಲಸಕ್ಕೆ ಹೋದದ್ದಲ್ಲ, ನೆಂಟರ ಮನೆಗೆ ಹೋದದ್ದು ಎಂದಾಯಿತು.

ನಸುಕಿನಲ್ಲಿ ಹೊರಟೆವು. ಹಿಂದೆ ಪೆಟ್ಟಿಗೆ, ಮುಂದೆ ಇವರು. ಊರ ಹೊರಗಿನ ಹಳ್ಳ ದಾಟುವವರೆಗೆ ನಾನು ಪೆಟ್ಟಿಗೆಗೆ ಒರಗಿ ಹಿಂದೆಯೇ ಕೂತಿದ್ದೆ. ಆಮೇಲೆ ಇವರು ಬಂಡಿ ನಿಲ್ಲಿಸಿ, ಮುಂದಿನ ಮೂಕಿಯ ಬಳಿ ತಮ್ಮ ಬಲಗಡೆ ಜಾಗ ಮಾಡಿ ಕಾಯ್ದರು. ಹೋಗಿ ಕೂತೆ. ಎರಡೂ ಕಡೆ ಕಡಲೆಯ ಹೊಲ, ಅದರ ಹುಳಿ ವಾಸನೆ. ಎತ್ತುಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು.

ಸ್ವಲ್ಪ ದೂರ ಹೋದ ಮೇಲೆ ಅವರು ಕೇಳಿದರು: "ದಿನಾ ಮಾತಾಡತಿದ್ದೆ ಅಂದ್ಯಲ್ಲ. ಏನೇನು ಮಾತಾಡತಿದ್ದಿ?"

ನೆನಪಿಲ್ಲ ಎಂದೆ. ನೆನಪಿತ್ತು, ನಾಚಿಕೆಯಾಯಿತು.

"ನೆನಪಾದಷ್ಟು ಹೇಳು. ದಾರಿ ಭಾಳ ಐತಿ."

ಹೇಳತೊಡಗಿದೆ. ಮೊದಲ ದಿನ ಹೇಳಿದ್ದು, ನನಗೆ ಎತ್ತಿನ ಗಂಟೆಯ ಸದ್ದಿಗೆ ಎಚ್ಚರವಾಗುತ್ತದೆ ಎಂದು. ಆಮೇಲೆ ಒಂದು ದಿನ, ಆಡು ಈದಿದೆ, ಮರಿಯ ಒಂದು ಕಿವಿ ಮಾತ್ರ ಬೆಳ್ಳಗಿದೆ ಎಂದು ಹೇಳಿದ್ದೆ. ನಮ್ಮವ್ವನ ನೆನಪಾಗುತ್ತಿದೆ ಎಂದಿದ್ದೆ, ಅದನ್ನು ಎಷ್ಟೋ ಸಲ. ಅತ್ತೆ ರೊಟ್ಟಿ ಬಡಿಯುವುದನ್ನು ಕಲಿಸಿದರು, ಮೊದಲನೆಯದು ಹರಿಯಿತು, ಅದನ್ನು ಅವರೇ ತಿಂದರು, ಯಾರಿಗೂ ಹೇಳಲಿಲ್ಲ ಎಂದಿದ್ದೆ. ಹೊಲದಿಂದ ಬಂದಾಗ ನಿಮ್ಮ ಕಾಲಲ್ಲಿ ಮುಳ್ಳು ಮುರಿದಂತೆ ಕಂಡಿತು, ತೆಗೆದುಕೊಡಲೇ ಎಂದು ಕೇಳಿದ್ದೆ. ಉತ್ತರ ಬರದಿದ್ದಾಗ ಕಣಜಕ್ಕೆ ಮುಖಮಾಡಿ ಅದರ ಬಿದಿರಿನ ಹೆಣಿಗೆಯನ್ನು ಬೆರಳಲ್ಲಿ ಸವರುತ್ತ ಮಲಗುತ್ತಿದ್ದೆ.

ಇವರು ಒಂದೊಂದಕ್ಕೂ ಉತ್ತರ ಕೊಟ್ಟರು. ಆ ಗಂಟೆ ಮುದಿ ಎತ್ತಿನದು, ಅದಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ, ಬೇಕಾದರೆ ಬಿಚ್ಚಿಡುತ್ತೇನೆ. ಮರಿಯನ್ನು ನಾನೂ ನೋಡಿದೆ. ಅವ್ವನ ನೆನಪಾದರೆ ಸುಗ್ಗಿ ಮುಗಿಯಲಿ, ನಾನೇ ಕರೆದೊಯ್ಯುತ್ತೇನೆ. ಮುಳ್ಳಿನ ಮಾತು ಬಂದಾಗ ಬಾಗಿ ಅಂಗಾಲು ಸವರಿಕೊಂಡರು. ಆಮೇಲೆ, ಹೌದು, ಬಹಳ ದಿನ ಕಾಡಿತು ಅದು, ಎಂದರು. ಬಿಸಿಲು ಏರಿತು, ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಇರಕಲ್ಲಗಡದ ಮನೆಗಳು ಕಾಣುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು, ಹೇಳುವುದು ಇನ್ನೂ ಉಳಿದಿತ್ತು. ಊರು ಬಂತೆಂದು ನಾನು ಮತ್ತೆ ಹಿಂದೆ ಹೋಗಿ ಪೆಟ್ಟಿಗೆಗೆ ಒರಗಿ ಕೂತೆ.

ಅಲ್ಲಿನ ರಾಶಿ ಮುಗಿಸಿ ಬಂದು ಕೆಲವು ತಿಂಗಳಾದ ಮೇಲೆ ನಾನು ಬಸುರಿ ಎಂದು ತಿಳಿಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಕುಷ್ಟಗಿಯಲ್ಲಿ ಬಾಣಂತಿಯಾಗಿದ್ದೆ. ಹೆಣ್ಣು ಕೂಸು. ಆ ವರ್ಷ ಹೊಟ್ಟು ನೋಡಲು ಪೆಟ್ಟಿಗೆಯ ಹಿಂದೆ ಅತ್ತೆಯೇ ನಿಂತಿದ್ದರಂತೆ. ಅವರಿಗೆ ಸನ್ನೆ ಗೊತ್ತಿಲ್ಲ. ಹೋಗಿ ಮಗನ ಬಲಗಿವಿಯಲ್ಲಿ ಹೇಳುವುದು, ಮತ್ತೆ ಹಿಂದಕ್ಕೆ ಬರುವುದು, ದಿನವಿಡೀ ಅದೇ ಓಡಾಟ. ಮೂರನೆಯ ದಿನಕ್ಕೆ ಮೊರ ಕೆಳಗಿಟ್ಟು ಕೂತುಬಿಟ್ಟರಂತೆ.

ಇದೆಲ್ಲ ನನಗೆ ತಿಳಿದದ್ದು ಇವರು ಬಂದು ಹೇಳಿದಾಗ. ರಾಶಿ ಕಣದಲ್ಲಿರುವಾಗ ಒಕ್ಕಲಿಗರ ಮನೆಯ ಗಂಡಸು ಊರು ಬಿಟ್ಟು ಹೋಗುವುದಿಲ್ಲ. ಬಾಗಿಲಲ್ಲಿ ಅಳಿಯನನ್ನು ಕಂಡು ಅಪ್ಪ ಗಾಬರಿಯಾದ, ಏನೋ ಕೆಟ್ಟ ಸುದ್ದಿ ಎಂದು. ರಾಶಿಯನ್ನು ಯಾರಿಗೆ ಬಿಟ್ಟು ಬಂದಿರಿ ಎಂದು ಕೇಳಿದ.

"ಅಣ್ಣ ಅದಾನ, ಅಪ್ಪ ಅದಾನ. ರಾಶಿ ಆಕ್ಕೈತ್ರಿ. ಕೂಸು ನೋಡಿ ಹೋಗೂನಂತ ಬಂದೆ," ಎಂದರು.

ನಸುಕಿಗೆ ಮೊದಲೇ ಹೊರಟು ನಡೆದೇ ಬಂದಿದ್ದರು. ತಲೆಗೂದಲಲ್ಲಿ ಹೊಟ್ಟು ಹಾಗೆಯೇ ಇತ್ತು. ಕೈಕಾಲು ತೊಳೆಯದೆ ಕೂಸನ್ನು ಮುಟ್ಟಕೂಡದೆಂದು ಅವ್ವ ಬಿಸಿನೀರು ಕೊಟ್ಟಳು. ತೊಳೆದುಕೊಂಡು ಬಂದು, ಗೋಡೆಗೆ ಒರಗಿ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಸಿಕೊಂಡರು. ಎಲ್ಲರೂ ಒಳಗೆ ಅಡಿಗೆಗೆ ಹೋದರು. ಏನು ಹೆಸರಿಡುವುದು ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಬಾಗಿ ನೋಡಿದರೆ ಕೂತಲ್ಲಿಯೇ ನಿದ್ದೆ ಹೋಗಿದ್ದರು. ಕೂಸೂ ಮಲಗಿತ್ತು. ಅವರ ಕೂದಲೊಳಗಿನ ಹೊಟ್ಟನ್ನು ಎಚ್ಚರವಾಗದಂತೆ ಒಂದೊಂದಾಗಿ ತೆಗೆಯುತ್ತ ಕೂತೆ.